ಮೊದಲ ಗಾಡಿಯೇ ಮೂರು ಚಕ್ರದ್ದು ಬೇಕಾ? ಅಡ್ವಾನ್ಸ್ ಕೊಡುವ ಮೊದಲು ಇಷ್ಟು ನೋಡಿ

ಸಿರಸಿಯಲ್ಲಿ ಕೆಲಸಕ್ಕೆ ಹೋಗುವ ನನ್ನ ತಂಗಿಯ ಮಗಳು ಮೊನ್ನೆ ಒಂದು ವಿಡಿಯೋ ಕಳಿಸಿದಳು. ಯಾವುದೋ ಹೊರದೇಶದ ರಸ್ತೆ. ಮುಂದೆ ಎರಡು ಚಕ್ರ, ಹಿಂದೆ ಒಂದು, ನೋಡಲಿಕ್ಕೆ ಥೇಟ್ ಏಡಿಯಂಥ ಬೈಕು. ಮೇಲೆ ಒಬ್ಬ ಹೆಂಗಸು ಆರಾಮಾಗಿ ಕೂತು ಹೋಗುತ್ತಿದ್ದಾಳೆ. ಕೆಳಗೆ ಇವಳು ಬರೆದದ್ದು ಒಂದೇ ಸಾಲು: "ಮಾವ, ನಾನು ಕಲಿಯೋದಾದ್ರೆ ಇಂಥದ್ದೇ. ಇದು ಬೀಳೋದೇ ಇಲ್ಲ ಅಲ್ವಾ?"

ಅವಳ ಹೆದರಿಕೆ ನನಗೆ ಗೊತ್ತು. ಚಿಕ್ಕವಳಿದ್ದಾಗ ಸೈಕಲ್ ಸಮೇತ ತೋಟದ ಬಸಿಗಾಲುವೆಗೆ ಬಿದ್ದವಳು, ಆಮೇಲೆ ಎರಡು ಚಕ್ರದ ಯಾವುದನ್ನೂ ಮುಟ್ಟಿಲ್ಲ. ಈಗ ಬೆಳಿಗ್ಗೆ ಎಂಟರ ಬಸ್ಸು ತಪ್ಪಿದರೆ ಅರ್ಧ ದಿನ ರಜೆ ಹೋಗುತ್ತದೆ, ಹಾಗಾಗಿ ಗಾಡಿ ಬೇಕೇ ಬೇಕು.

ಇದೇ ಪ್ರಶ್ನೆಯನ್ನು ಮಂಡಿ ನೋವಿನವರು, ಪೋಲಿಯೋ ಆದವರು, ಐವತ್ತು ದಾಟಿದ ಮೇಲೆ ಮೊದಲ ಸಲ ಗಾಡಿ ಕಲಿಯಲು ಹೊರಟವರು ಎಲ್ಲರೂ ನನ್ನನ್ನು ಕೇಳಿದ್ದಾರೆ. ನಾನೇನು ಮೆಕ್ಯಾನಿಕ್ ಅಲ್ಲ. ಕುಮಟಾದಲ್ಲಿರುವ ನನ್ನ ಅತ್ತೆ ಹನ್ನೆರಡು ವರ್ಷದಿಂದ ಸೈಡ್ ವೀಲ್ (ಹಿಂದೆ ಎರಡೂ ಪಕ್ಕಕ್ಕೆ ಸಣ್ಣ ಚಕ್ರ) ಹಾಕಿದ ಸ್ಕೂಟರ್ ಓಡಿಸುತ್ತಾರೆ, ಅದರ ರಿಪೇರಿ, ಕಾಗದಪತ್ರ, ಬೈಗುಳ ಮೂರೂ ನನ್ನ ಪಾಲಿಗೆ ಬಂದಿವೆ, ಅಷ್ಟೇ.

ಅತ್ತೆ ಹೇಳುವ ಮಾತು ಒಂದಿದೆ. "ನಿಂತಾಗ ಇದು ಬೀಳೂದಿಲ್ಲ. ತಿರುಗುವಾಗ ಬೀಳ್ತದೆ." ಮೂರು ಚಕ್ರದ ಬಗ್ಗೆ ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ.

ಯಾವ ಮೂರು ಚಕ್ರ?

ಮೂರು ಚಕ್ರದ ಬೈಕು ಅಂದರೆ ಒಂದೇ ಜಾತಿ ಅಲ್ಲ. ಮುಂದೆ ಒಂದು ಹಿಂದೆ ಎರಡು ಇರುವುದು ಒಂದು ಜಾತಿ, ನಮ್ಮ ರಿಕ್ಷಾ ಇದ್ದ ಹಾಗೆ. ಹಾರ್ಲೆ ಡೇವಿಡ್‌ಸನ್‌ನವರು 2009ರ ಮಾಡೆಲ್ ಆಗಿ ತಂದ ಟ್ರೈ ಗ್ಲೈಡ್ ಈ ಜಾತಿಯದು, ತೂಕ ಐನೂರು ಕೆಜಿ ಮೀರುತ್ತದೆ. ಎರಡನೆಯದು ಮುಂದೆ ಎರಡು ಹಿಂದೆ ಒಂದು. ಕೆನಡಾದ ಕ್ಯಾನ್-ಆಮ್ ಸ್ಪೈಡರ್ ಮತ್ತು ರೈಕರ್ ಇಂಥವು. ನಮ್ಮ ಹುಡುಗಿ ಕಳಿಸಿದ ವಿಡಿಯೋದಲ್ಲಿ ಇದ್ದದ್ದೂ ಅದೇ. ಅಗಲ ಸುಮಾರು ಒಂದೂವರೆ ಮೀಟರ್, ಅಂದರೆ ಸಣ್ಣ ಕಾರಿನಷ್ಟು.

ಇವೆರಡೂ ತಿರುವಿನಲ್ಲಿ ವಾಲುವುದಿಲ್ಲ. ಮೂರನೆಯ ಜಾತಿ ವಾಲುತ್ತದೆ. 2006ರಲ್ಲಿ ಬಂದ ಪಿಯಾಜಿಯೊ ಎಂಪಿ3, 2014ರ ಯಮಹಾ ಟ್ರೈಸಿಟಿ, 2018ರ ಯಮಹಾ ನಿಕೆನ್ ಈ ಪೈಕಿ. ಮುಂದಿನ ಎರಡು ಚಕ್ರಗಳೂ ಬೈಕಿನ ಜೊತೆಗೇ ಓರೆಯಾಗುತ್ತವೆ, ಓಡಿಸುವಾಗ ಎರಡು ಚಕ್ರದ ಬೈಕಿನ ಹಾಗೇ ಇರುತ್ತವೆ. ತಮಾಷೆ ಏನೆಂದರೆ ನಿಕೆನ್‌ಗೆ ಮೂರು ಚಕ್ರ ಇದ್ದೂ ಅದು ತಾನಾಗಿ ನಿಲ್ಲುವುದಿಲ್ಲ. 263 ಕೆಜಿ ಗಾಡಿಗೆ ಸಿಗ್ನಲ್ಲಿನಲ್ಲಿ ನೀವೇ ಕಾಲು ಕೊಡಬೇಕು! ಎಂಪಿ3ಯಲ್ಲಿ ವಾಲುವುದನ್ನು ಲಾಕ್ ಮಾಡುವ ಗುಂಡಿ ಇದೆ, ಹಾಗಾಗಿ ಅದು ನಿಲ್ಲುತ್ತದೆ. ಬೀಳುವ ಹೆದರಿಕೆಯಿಂದ ಮೂರು ಚಕ್ರ ಹುಡುಕುವವರು ಗಾಡಿ ವಾಲುತ್ತದೋ ಇಲ್ಲವೋ ಎಂದು ಮೊದಲು ಕೇಳಬೇಕು. ಯಾರೂ ಕೇಳುವುದಿಲ್ಲ.

ಇವ್ಯಾವೂ ನಮ್ಮ ಸಿರಸಿ, ಕಾರವಾರದ ಶೋರೂಮಿನಲ್ಲಿ ಸಿಗುವ ಗಾಡಿಗಳಲ್ಲ. ಹೊರಗಿಂದ ತರಿಸುವುದು ಎಂದರೆ ಕಸ್ಟಮ್ಸು, ನೋಂದಣಿ, ಆಮೇಲೆ ಒಂದು ಬ್ರೇಕ್ ಪ್ಯಾಡಿಗಾಗಿ ತಿಂಗಳುಗಟ್ಟಲೆ ಕಾಯುವುದು. ಮೊದಲ ಗಾಡಿಗೆ ಈ ಉಸಾಬರಿ ಬೇಡ. ದುಬೈನಲ್ಲೋ ಯುರೋಪಿನಲ್ಲೋ ಇರುವ ನೆಂಟರ ಹತ್ತಿರ ಇದ್ದರೆ ಅಲ್ಲಿಗೆ ಹೋದಾಗ ಹಿಂದೆ ಕೂತು ಒಂದು ಸುತ್ತು ಬನ್ನಿ, ಆಸೆ ತೀರುತ್ತದೆ.

ಹಾಗಾದರೆ ನಮಗೆ ಉಳಿಯುವುದು ನಾಲ್ಕನೆಯ ಜಾತಿ: ಮಾಮೂಲಿ ಗೇರಿಲ್ಲದ ಸ್ಕೂಟರಿನ ಹಿಂಬದಿಗೆ ಕಬ್ಬಿಣದ ಚೌಕಟ್ಟು ಕೂರಿಸಿ ಎರಡು ಕಡೆ ಒಂದೊಂದು ಸಣ್ಣ ಚಕ್ರ ಹಾಕಿದ ಗಾಡಿ. ಲೆಕ್ಕ ಮಾಡಿದರೆ ನಾಲ್ಕು ಚಕ್ರ, ಆದರೆ ಊರೆಲ್ಲ ಕರೆಯುವುದು ಮೂರು ಚಕ್ರದ ಗಾಡಿ ಎಂದೇ. (ಹಳೇ ಚೇತಕ್ಕಿಗೆ ಡಬ್ಬಿ ಜೋಡಿಸಿದ ಸೈಡ್‌ಕಾರ್ ನೆನಪಿದೆಯಾ? ಖಾಲಿ ಡಬ್ಬಿ ಎಡ ತಿರುವಿನಲ್ಲಿ ಮೇಲೆದ್ದುಬಿಡುತ್ತಿತ್ತು. ಬಲ ತಿರುವಿನಲ್ಲಿ ಸಭ್ಯಸ್ಥ.)

ಕಾನೂನಿನ ತೊಡಕು

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರ್ ಸೈಕಲ್ ಅಂದರೆ ಎರಡು ಚಕ್ರದ್ದು. ಬಿಚ್ಚಿ ಹಾಕಬಹುದಾದ ಸೈಡ್‌ಕಾರಿನ ಒಂದು ಚಕ್ರ ಮಾತ್ರ ಅದರ ಲೆಕ್ಕಕ್ಕೆ ಸೇರುತ್ತದೆ. 2019ರ ತಿದ್ದುಪಡಿಯಲ್ಲಿ ಅಂಗವೈಕಲ್ಯ ಇರುವವರಿಗೆಂದೇ ಮಾಡಿದ ಅಥವಾ ಬದಲಾಯಿಸಿದ ಗಾಡಿಗಳಿಗೆ ಬೇರೆಯೇ ವರ್ಗ ಬಂತು. ಅತ್ತೆಯ ಲೈಸೆನ್ಸ್ ಕೂಡ ಅಂಥ ಗಾಡಿಗೆ ಮಾತ್ರ, ಅವರು ಪಕ್ಕದ ಮನೆಯ ಮಾಮೂಲಿ ಸ್ಕೂಟರ್ ಓಡಿಸುವಂತಿಲ್ಲ.

ಅಂಗವೈಕಲ್ಯ ಇಲ್ಲದವರು "ನಂಗೆ ಬ್ಯಾಲೆನ್ಸ್ ಬರಲ್ಲ" ಎಂದು ಸುಮ್ನೆ ಗ್ಯಾರೇಜಿಗೆ ಹೋಗಿ ಸೈಡ್ ವೀಲ್ ಹಾಕಿಸಿಕೊಂಡರೆ? ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಒಪ್ಪಿಗೆ ಇಲ್ಲದೆ ಗಾಡಿಯ ರಚನೆ ಬದಲಾಯಿಸಿದರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಪೊಲೀಸರು ಹಿಡಿಯುವುದಿಲ್ಲ ಬಿಡಿ ಎನ್ನುವವರು ಇದ್ದಾರೆ. ಪೊಲೀಸರ ಮಾತು ಹಾಗಿರಲಿ, ಆರ್‌ಸಿಯಲ್ಲಿ ಇಲ್ಲದ ಚಕ್ರ ಗಾಡಿಯಲ್ಲಿದ್ದು, ಯಾರಿಗಾದರೂ ಗುದ್ದಿದರೆ ಇನ್ಶೂರೆನ್ಸಿನವರು ತಕರಾರು ತೆಗೆಯಲು ಅಷ್ಟೇ ಸಾಕು. ಹಾಗಾಗಿ ಮೊದಲು ಆರ್‌ಟಿಒ, ಆಮೇಲೆ ಗ್ಯಾರೇಜು. ಕಾರವಾರದವರಿಗೆ ಕೆಎ-30, ಸಿರಸಿಯವರಿಗೆ ಕೆಎ-31, ಹೊನ್ನಾವರದ ಕಡೆಯವರಿಗೆ ಕೆಎ-47, ದಾಂಡೇಲಿಯಲ್ಲಿ ಕೆಎ-65, ಹೀಗೆ ಜಿಲ್ಲೆಯಲ್ಲೇ ನಾಲ್ಕು ಕಡೆ ಆಫೀಸಿದೆ. ಹೋಗಿ ಎದುರು ಕೂತು ಕೇಳಿ. ಏಜೆಂಟರ ಮಾತು ಕೇಳಿ ಮೊದಲೇ ಗಾಡಿ ತಗೊಂಡು, ಆರ್‌ಸಿಯಲ್ಲಿ ಬದಲಾವಣೆ ಸೇರಿಸಲು ವರ್ಷವಿಡೀ ಓಡಾಡಿದವನು ನಾನು.

ಕಾಲಿನ ತೊಂದರೆ ಇರುವವರು ಇನ್ನೊಂದು ಕೆಲಸ ಮಾಡಿ. ವಿಕಲಚೇತನರ ಇಲಾಖೆಯಿಂದ ಯಂತ್ರಚಾಲಿತ ದ್ವಿಚಕ್ರ ವಾಹನ ಕೊಡುವ ಸರ್ಕಾರದ ಯೋಜನೆ ಇದೆ, ಕೊಡುವುದು ಇದೇ ಸೈಡ್ ವೀಲ್ ಗಾಡಿಯನ್ನು. ಪಂಚಾಯ್ತಿಯಲ್ಲಿ ಕೇಳಿದರೆ ಅರ್ಜಿಯ ದಾರಿ ಹೇಳುತ್ತಾರೆ. ಸ್ವಂತ ದುಡ್ಡು ಹಾಕುವ ಮೊದಲು ಒಮ್ಮೆ ವಿಚಾರಿಸಿ.

ಹೆದರಿಕೆಯಾ, ಕಾಲಾ, ಸ್ಟೈಲಾ?

ಯಾಕೆ ಬೇಕು ಅನ್ನುವುದನ್ನು ನಿಮಗೆ ನೀವೇ ಸುಳ್ಳು ಹೇಳದೆ ಕೇಳಿಕೊಳ್ಳಿ. ಸ್ಟೈಲಿಗೆ ಅಂತಾದರೆ ನಾನು ಹೇಳುವುದೇನೂ ಇಲ್ಲ, ದುಡ್ಡು ನಿಮ್ಮದು.

ಕಾಲಿನಲ್ಲಿ ಬಲ ಇಲ್ಲ, ಮಂಡಿ ಬಗ್ಗುವುದಿಲ್ಲ, ಗಾಡಿ ನಿಂತಾಗ ನೂರು ಕೆಜಿ ಭಾರವನ್ನು ಒಂದು ಕಾಲಿನ ಮೇಲೆ ತಡೆಯಲು ಆಗುವುದಿಲ್ಲ ಎನ್ನುವವರಿಗೆ ಮೂರು ಚಕ್ರ ಸರಿಯಾದ ಗಾಡಿ. ಅನುಮಾನವೇ ಬೇಡ. ಅತ್ತೆಗೆ ಬಲಗಾಲು ಚಿಕ್ಕಂದಿನಿಂದ ಸ್ವಾಧೀನ ಇಲ್ಲ. ಸ್ಕೂಟರ್ ಬರುವವರೆಗೆ ಪೇಟೆಗೆ ಹೋಗಬೇಕಾದರೆ ಯಾರಾದರೂ ಕರೆದುಕೊಂಡು ಹೋಗಬೇಕಿತ್ತು. ಈಗ ಬ್ಯಾಂಕು, ಮೀನು ಮಾರ್ಕೆಟ್ಟು, ಯಕ್ಷಗಾನ, ಎಲ್ಲ ಕಡೆ ನಮಗಿಂತ ಮೊದಲು ಅವರೇ ಹಾಜರು.

ಕಾಲು ಗಟ್ಟಿ ಇದ್ದು ಬ್ಯಾಲೆನ್ಸಿನ ಹೆದರಿಕೆ ಮಾತ್ರ ಇದ್ದರೆ? ಆಗ ನನ್ನ ಉತ್ತರ ಬೇಡ ಅಂತಲೇ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲೇ ಎಲ್ಲರೂ ಎಡವುವುದು.

ಎರಡು ಚಕ್ರದ ಗಾಡಿ ಬೀಳುವುದು ಹೆಚ್ಚಾಗಿ ನಿಲ್ಲಿಸುವಾಗ, ಹೊರಡುವಾಗ, ನಡಿಗೆಯ ವೇಗದಲ್ಲಿ ತಿರುಗಿಸುವಾಗ. ವೇಗ ಗಂಟೆಗೆ ಹದಿನೈದು ಕಿಮೀ ದಾಟಿದ ಮೇಲೆ ಅದು ತನ್ನಷ್ಟಕ್ಕೇ ನೆಟ್ಟಗೆ ಹೋಗುತ್ತದೆ, ನೀವು ತೊಂದರೆ ಕೊಡದಿದ್ದರೆ ಸಾಕು. ತಿರುವಿನಲ್ಲಿ ಒಳಕ್ಕೆ ವಾಲುತ್ತದೆ, ಹೊರಕ್ಕೆ ಎಳೆಯುವ ಬಲಕ್ಕೂ ಈ ವಾಲುವಿಕೆಗೂ ಸರಿಹೋಗುತ್ತದೆ. ವಾಲದ ಮೂರು ಚಕ್ರದ್ದು ಇದಕ್ಕೆ ಉಲ್ಟಾ. ನಿಂತಾಗ ಗುಡ್ಡದಂತೆ ಗಟ್ಟಿ, ತಿರುವಿನಲ್ಲಿ ಹೊರಕ್ಕೆ ಎಳೆಯುವ ಬಲವನ್ನೆಲ್ಲ ಮೈಮೇಲೆ ತೆಗೆದುಕೊಳ್ಳುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಘಟ್ಟದಲ್ಲಿ 15 ಮೀಟರ್ ತ್ರಿಜ್ಯದ ಒಂದು ಬಿಗಿ ತಿರುವು ಎಂದಿಟ್ಟುಕೊಳ್ಳಿ. ಗಂಟೆಗೆ 20 ಕಿಮೀ ವೇಗದಲ್ಲಿ ಹೋದರೆ ಹೊರಕ್ಕೆ ಎಳೆಯುವ ಬಲ ಗಾಡಿ ಮತ್ತು ನಿಮ್ಮ ಒಟ್ಟು ತೂಕದ ಐದನೇ ಒಂದು ಪಾಲು. 30ರಲ್ಲಿ ಹೋದರೆ ಹತ್ತಿರ ಹತ್ತಿರ ಅರ್ಧ. 40ರಲ್ಲಿ ಮುಕ್ಕಾಲು ಪಾಲನ್ನೂ ಮೀರುತ್ತದೆ. ವೇಗ ಇಮ್ಮಡಿ ಆದರೆ ಬಲ ನಾಲ್ಮಡಿ ಆಗುವ ಲೆಕ್ಕ ಇದು. ಸೈಡ್ ವೀಲಿನ ಅಗಲ ಒಂದು ಮೀಟರ್ ಕೂಡ ಇಲ್ಲದ, ಎತ್ತರದಲ್ಲಿ ಕೂರುವ ಸ್ಕೂಟರಿಗೆ 30 ಅಂದರೇ ಒಳಗಿನ ಚಕ್ರ ನೆಲ ಬಿಡಲು ಸಾಕು. ಮಾಮೂಲಿ ಸ್ಕೂಟರಿನವರಿಗೆ ಅದೇ ತಿರುವಿನಲ್ಲಿ 30 ಏನೂ ಅನ್ನಿಸುವುದಿಲ್ಲ.

ಮುಂದೆ ಒಂದೇ ಚಕ್ರ ಇರುವ ಗಾಡಿಗೆ ಇನ್ನೊಂದು ಕಾಯಿಲೆ ಇದೆ. ಮೂರು ಕಾಲಿನ ಸ್ಟೂಲಿನ ಮೇಲೆ ನಡುವೆ ಕೂತರೆ ಏನೂ ಆಗುವುದಿಲ್ಲ, ಒಂದು ಕಾಲಿನ ಕಡೆ ಬಗ್ಗಿ ಪಕ್ಕಕ್ಕೆ ಸ್ವಲ್ಪ ಜರುಗಿ ನೋಡಿ, ಸ್ಟೂಲು ಮಗುಚುತ್ತದೆ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಆಗುವುದೂ ಇದೇ. ಭಾರವೆಲ್ಲ ಮುಂದಿನ ಒಂಟಿ ಚಕ್ರಕ್ಕೆ ಬಂತು, ಪಕ್ಕಕ್ಕೂ ಎಳೆಯಿತು, ಗಾಡಿ ಹೊರಕ್ಕೆ ಮಗುಚಿತು. ಇಳಿಜಾರು ಬೇರೆ ಇದ್ದರೆ ಕೇಳುವುದೇ ಬೇಡ. ಅದಕ್ಕೇ ದೇವಿಮನೆ ಘಟ್ಟ ಹತ್ತುವಾಗ ಅಷ್ಟು ಅಪಾಯ ಇಲ್ಲ, ಸಿರಸಿಯಿಂದ ಕುಮಟಾ ಕಡೆ ಇಳಿಯುವಾಗ ಇದೆ. ಅರಬೈಲು ಘಟ್ಟದಲ್ಲೂ ಹಾಗೇ. ರಿಕ್ಷಾ ಓಡಿಸುವ ಯಾರನ್ನಾದರೂ ಕೇಳಿ, ತಿರುವಿಗೆ ಮೊದಲೇ ಬ್ರೇಕ್ ಮುಗಿಸು, ತಿರುವಿನೊಳಗೆ ಮುಟ್ಟಬೇಡ ಎನ್ನುತ್ತಾರೆ. ಮುಂದೆ ಎರಡು ಚಕ್ರ ಇರುವ ಕ್ಯಾನ್-ಆಮ್ ಥರದವು ಬ್ರೇಕ್ ಹಾಕಿದಾಗ ಗಟ್ಟಿ ನಿಲ್ಲುವುದು ಇದೇ ಕಾರಣಕ್ಕೆ, ಭಾರ ಬರುವ ಕಡೆಗೇ ಎರಡು ಕಾಲು ಇರುತ್ತವಲ್ಲ.

ಹ್ಯಾಂಡಲ್ ತಿರುಗಿಸುವುದೇ ಬೇರೆ

ಇದು ಬಹಳ ಜನಕ್ಕೆ ಗೊತ್ತಿಲ್ಲ, ಎರಡು ಚಕ್ರ ಓಡಿಸುವವರಿಗೂ ಗೊತ್ತಿಲ್ಲ, ಕೈಗೆ ಮಾತ್ರ ಗೊತ್ತು. ಬೈಕು ವೇಗದಲ್ಲಿರುವಾಗ ಎಡಕ್ಕೆ ಹೋಗಬೇಕಾದರೆ ನಾವು ಎಡಗೈಯ ಹಿಡಿಯನ್ನು ತುಸು ಮುಂದಕ್ಕೆ ಒತ್ತುತ್ತೇವೆ. ಹ್ಯಾಂಡಲ್ ಕ್ಷಣ ಹೊತ್ತು ಬಲಕ್ಕೆ ಹೋಗುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ಎಡಕ್ಕೇ ತಿರುಗುತ್ತದೆ. ವಾಲದ ಮೂರು ಚಕ್ರದಲ್ಲಿ ಈ ಆಟ ನಡೆಯುವುದಿಲ್ಲ. ಎಡಕ್ಕೆ ಹೋಗಲು ಎಡಗೈ ಎಳೆಯಬೇಕು, ಬಲಗೈ ಒತ್ತಬೇಕು, ಕಾರಿನ ಸ್ಟೇರಿಂಗ್ ತಿರುಗಿಸಿದ ಹಾಗೆ.

ಇಪ್ಪತ್ತು ವರ್ಷ ಬೈಕ್ ಓಡಿಸಿದ ಗರ್ವದಲ್ಲಿ ನಾನು ಮೊದಲ ಸಲ ಅತ್ತೆಯ ಗಾಡಿ ಹತ್ತಿದೆ. ಓಣಿಯ ಎಡ ತಿರುವು ಬಂತು, ಕೈ ತನ್ನ ಅಭ್ಯಾಸದಂತೆ ಎಡ ಹಿಡಿ ಒತ್ತಿತು, ಗಾಡಿ ವಿಧೇಯವಾಗಿ ಬಲಕ್ಕೆ ಹೋಗಿ ಪಕ್ಕದ ಮನೆಯ ದಾಸವಾಳದ ಬೇಲಿಗೆ ಹೊಕ್ಕಿತು. ಅತ್ತೆ ಜಗಲಿಯ ಮೇಲೆ ಕೂತು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಹಾಗಾಗಿ ಗಾಡಿಯೇ ಗೊತ್ತಿಲ್ಲದವರು ಮೂರು ಚಕ್ರವನ್ನು ನಮಗಿಂತ ಬೇಗ ಕಲಿಯುತ್ತಾರೆ. ಮರೆಯಬೇಕಾದ ಅಭ್ಯಾಸ ಅವರಲ್ಲಿ ಇರುವುದಿಲ್ಲ. ಆದರೆ ಇದರ ಇನ್ನೊಂದು ಮುಖವೂ ಇದೆ, ಸೈಡ್ ವೀಲಿನ ಮೇಲೆ ಕಲಿತು ಆಮೇಲೆ ಅದನ್ನು ಬಿಚ್ಚಿ ಎರಡು ಚಕ್ರಕ್ಕೆ ಹೋಗುತ್ತೇನೆ ಎನ್ನುವ ಯೋಜನೆ ಕೆಲಸ ಮಾಡುವುದಿಲ್ಲ. ಎಕ್ಸಲರೇಟರ್, ಬ್ರೇಕ್, ಟ್ರಾಫಿಕ್ಕು ಕಲಿತಿರುತ್ತೀರಿ ನಿಜ. ತಿರುಗಿಸುವುದನ್ನು ಮಾತ್ರ ತಪ್ಪು ಕಲಿತಿರುತ್ತೀರಿ. ಮುಂದೆ ಎರಡು ಚಕ್ರದ ಗಾಡಿಯೇ ಗುರಿ ಎಂದಿದ್ದರೆ ಮೊದಲ ದಿನದಿಂದ ಎರಡು ಚಕ್ರದ ಮೇಲೇ ಬೀಳಿ, ಏಳಿ.

ನಮ್ಮ ದಾರಿಗೆ ಇದು ಹೊಂದುತ್ತದಾ

ಹೆದ್ದಾರಿ 66ರಲ್ಲಿ ಕಾರವಾರದಿಂದ ಭಟ್ಕಳದವರೆಗೆ ನೇರ ಓಡಾಡುವವರಿಗೆ ಅಂಥ ಸಮಸ್ಯೆ ಇಲ್ಲ, ಗಾಳಿಯ ಹೊಡೆತಕ್ಕೆ ಎರಡು ಚಕ್ರಕ್ಕಿಂತ ಮೂರು ಚಕ್ರವೇ ಗಟ್ಟಿ. ಮೀನಿನ ಗಾಡಿಗಳು ಸುರಿಸಿಕೊಂಡು ಹೋದ ನೀರಿನ ಮೇಲೆ ಜಾರಿ ಬೀಳುವುದೂ ಕಡಿಮೆ. ಮಳೆಗಾಲದಲ್ಲಿ ಅಂಗಳ, ಓಣಿ ಎಲ್ಲ ಹಾವಸೆ ಕಟ್ಟಿರುವಾಗ ಅತ್ತೆಯ ಗಾಡಿ ಸಲೀಸಾಗಿ ಹೋಗುತ್ತದೆ, ನನ್ನ ಬೈಕು ಎರಡು ಸಲ ಮಲಗಿದೆ. ಇದನ್ನು ಒಪ್ಪಿಕೊಳ್ಳಲೇಬೇಕು.

ಘಟ್ಟದ ಮೇಲಿನ ತೋಟದ ದಾರಿ ಬೇರೆ ಕಥೆ. ಜೀಪು, ಪಿಕಪ್ಪು ಓಡಾಡಿ ಎರಡು ಗಾಲಿಯ ಗೆರೆ ಬಿದ್ದಿರುತ್ತದೆ, ನಡುವೆ ಹುಲ್ಲು ಬೆಳೆದ ದಿಬ್ಬ, ದಿಬ್ಬದ ಮೇಲೆ ಅಲ್ಲಲ್ಲಿ ಕಲ್ಲು. ಬೈಕಿನವರು ಒಂದು ಗೆರೆ ಹಿಡಿದು ಹೋಗುತ್ತಾರೆ. ಸೈಡ್ ವೀಲಿನ ಗಾಡಿಗೆ ಆ ಭಾಗ್ಯ ಇಲ್ಲ. ಗೆರೆಯಲ್ಲಿ ಮುಂದಿನ ಚಕ್ರ ಇಟ್ಟರೆ ಒಂದು ಸೈಡ್ ವೀಲ್ ದಿಬ್ಬ ಹತ್ತುತ್ತದೆ, ಗಾಡಿ ಇಡೀ ಓರೆಯಾಗುತ್ತದೆ. ದಿಬ್ಬದ ಮೇಲೆ ಇಟ್ಟರೆ ಕಲ್ಲು. ಇನ್ನೂ ಕೆಟ್ಟದ್ದೆಂದರೆ ಎರಡೂ ಸೈಡ್ ವೀಲು ಎತ್ತರದಲ್ಲಿ ಕೂತು ನಡುವಿನ ಎಂಜಿನ್ ಚಕ್ರ ಗುಂಡಿಯ ಮೇಲೆ ತೇಲಿದರೆ, ಚಕ್ರ ಗಿರಗಿರ ಸುತ್ತುತ್ತದೆ, ಗಾಡಿ ಅಲ್ಲೇ. ಎರಡು ಚಕ್ರದಲ್ಲಿ ಗುಂಡಿ ತಪ್ಪಿಸಲು ಒಂದು ಗೆರೆ ನೋಡಿದರೆ ಸಾಕು, ಇದರಲ್ಲಿ ಮೂರು ಗೆರೆ ನೋಡಬೇಕು.

ಅಗಲದ ಸಮಸ್ಯೆಯೂ ಇದೆ. ಹಳ್ಳದ ಮೇಲೆ ಅಡಿಕೆ ಮರದ ಸಂಕ (ಕಾಲುಸೇತುವೆ) ಇದ್ದರೆ ಬೈಕನ್ನು ಹೇಗೋ ತಳ್ಳಿಕೊಂಡು ದಾಟಿಸುತ್ತೇವೆ, ಇದನ್ನು ಆಗುವುದಿಲ್ಲ. ಮನೆಯ ದಣಪೆ, ಉಣುಗೋಲು (ಬೇಲಿಯ ಗೇಟುಗಳು), ಅಂಗಳಕ್ಕೆ ಹತ್ತುವ ಮೆಟ್ಟಿಲ ಪಕ್ಕದ ಇಳಿಜಾರು, ಎಲ್ಲವನ್ನೂ ಟೇಪ್ ಹಿಡಿದು ಅಳೆಯಿರಿ. ಪೇಟೆಯಲ್ಲಿ ಬೈಕು ನಿಲ್ಲಿಸುವ ಸಂದಿಯಲ್ಲೂ ಇದು ತೂರುವುದಿಲ್ಲ, ಸಿರಸಿಯಲ್ಲಿ ಮಾರಿಕಾಂಬಾ ಜಾತ್ರೆಯ ದಿನ ಅಂತೂ ಮನೆಯಲ್ಲೇ ಬಿಟ್ಟು ಬನ್ನಿ.

ಬೇರೆಯವರ ಗಾಡಿಯಲ್ಲಿ ಒಂದು ಭಾನುವಾರ

ತೆಗೆದುಕೊಳ್ಳುವುದೇ ಸೈ ಎಂದು ತೀರ್ಮಾನ ಆಗುವ ಮೊದಲು ಯಾರದಾದರೂ ಗಾಡಿ ಕೇಳಿ ಪಡೆದು ಶಾಲೆಯ ಮೈದಾನಕ್ಕೆ ಹೋಗಿ. ರಸ್ತೆಗೆ ಬೇಡ, ಕಲಿಕಾ ಲೈಸೆನ್ಸ್ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ಹೆಲ್ಮೆಟ್ ಮೈದಾನದಲ್ಲೂ ಇರಲಿ.

ನಡಿಗೆಯ ವೇಗದಲ್ಲಿ ಎಡಕ್ಕೆ ಹತ್ತು ಸುತ್ತು, ಬಲಕ್ಕೆ ಹತ್ತು ಸುತ್ತು ಹಾಕಿ. ಆಮೇಲೆ ಸುತ್ತು ಸಣ್ಣ ಮಾಡುತ್ತಾ, ವೇಗ ಒಂಚೂರು ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಒಳಗಿನ ಚಕ್ರ ಹಗುರಾದದ್ದು ಸೀಟಿನಲ್ಲೇ ಗೊತ್ತಾಗುತ್ತದೆ. ಹೊಟ್ಟೆಯಲ್ಲಿ ಚುಳಕ್ ಅನ್ನುತ್ತದಲ್ಲ, ಆ ವೇಗವನ್ನು ನೆನಪಿಡಿ, ಅದಕ್ಕಿಂತ ತುಂಬ ಕೆಳಗೆ ಇರುವುದೇ ನಿಮ್ಮ ತಿರುವಿನ ವೇಗ. ತಿರುವಿನಲ್ಲಿ ಮೈಯನ್ನು ಒಳಬದಿಗೆ ಬಗ್ಗಿಸಿ ಕೂರಿ, ಅತ್ತೆ ತೆಂಗಿನಕಾಯಿ ಚೀಲವನ್ನೂ ಒಳಬದಿಗೇ ಸರಿಸುತ್ತಾರೆ!

ಕಾಲು ಕೆಳಗಿಡಬೇಡಿ. ಹೆದರಿದಾಗ ಕಾಲು ತಾನಾಗಿ ಇಳಿಯುತ್ತದೆ, ಹಿಂದಿನ ಚಕ್ರ ಬಂದು ಪಾದದ ಮೇಲೆ ಹತ್ತುತ್ತದೆ. ಪಾದ ಮುರಿದುಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಆಮೇಲೆ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಇಳಿಯಿರಿ. ಎರಡು ಚಕ್ರದ್ದು ಸ್ಟ್ಯಾಂಡಿನ ಮೇಲೆ ಒರಗಿ ನಿಲ್ಲುತ್ತದೆ. ಇದು ಚಕ್ರಗಳ ಮೇಲೇ ನಿಂತಿರುತ್ತದೆ, ಗೇರಿಲ್ಲದ್ದರಿಂದ ಗೇರಿಗೆ ಹಾಕಿ ನಿಲ್ಲಿಸುವ ಉಪಾಯವೂ ಇಲ್ಲ, ಬ್ರೇಕ್ ಲಾಕ್ ಕ್ಲಿಪ್ ಇಲ್ಲದಿದ್ದರೆ ನಿಧಾನಕ್ಕೆ ಹೊರಟೇಬಿಡುತ್ತದೆ. ಅತ್ತೆ ಯಾವಾಗಲೂ ಕಾಲ್ಗಡೆ ಒಂದು ಮರದ ತುಂಡು ಇಟ್ಟುಕೊಂಡಿರುತ್ತಾರೆ, ಚಕ್ರಕ್ಕೆ ಅಡ್ಡ ಕೊಡಲು. ಹಾಗೇ ಹಿಂದಕ್ಕೆ ತೆಗೆಯುವುದನ್ನೂ ಪರೀಕ್ಷಿಸಿ. ಸ್ಕೂಟರಿನಲ್ಲಿ ರಿವರ್ಸ್ ಇರುವುದಿಲ್ಲ, ಕಾಲಿನಲ್ಲಿ ಬಲ ಇಲ್ಲದವರು ಕೂತಲ್ಲೇ ಹಿಂದಕ್ಕೆ ತಳ್ಳುವುದು ಹೇಗೆ? ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮೊದಲೇ ಯೋಚಿಸಿ, ಮುಂದಕ್ಕೇ ಹೊರಡುವ ಹಾಗೆ ನಿಲ್ಲಿಸುವ ಅಭ್ಯಾಸ ಬೇಕು.

ಚೌಕಟ್ಟು ಹಾಕಿಸುವಾಗ

ಇಲ್ಲಿ ದುಡ್ಡು ಉಳಿಸಬೇಡಿ. ಚೌಕಟ್ಟು ಸ್ಕೂಟರಿನ ಚಾಸಿಗೆ ಬೋಲ್ಟಿನಿಂದ ಬಿಗಿಯಾಗಬೇಕು, ಬಂಪರಿಗೋ ಫುಟ್‌ರೆಸ್ಟಿಗೋ ಸಿಕ್ಕಿಸಿದ್ದು ಬೇಡ. ಎರಡೂ ಪಕ್ಕಕ್ಕೆ ಶಾಕ್ ಅಬ್ಸಾರ್ಬರ್ ಇರಲಿ, ಇಲ್ಲದಿದ್ದರೆ ಒಂದೊಂದು ಗುಂಡಿಯೂ ಸೊಂಟಕ್ಕೆ ನೇರ ಬರುತ್ತದೆ. ಖಾಲಿ ಗಾಡಿಯಲ್ಲಿ ಅಳೆದು ಕೂರಿಸಿದರೆ ಸಾಲದು, ಓಡಿಸುವವರನ್ನೇ ಮೇಲೆ ಕೂರಿಸಿ ಎತ್ತರ ಹೊಂದಿಸಲು ಹೇಳಿ.

ಕರಾವಳಿಯವರಿಗೆ ತುಕ್ಕು ದೊಡ್ಡ ಶತ್ರು. ಕಾರವಾರದ ಬೈತಖೋಲ ಬಂದರಿನ ಕಡೆ ಓಡಾಡುವ ಗಾಡಿಗಳ ಕೆಳಭಾಗ ಒಮ್ಮೆ ಬಗ್ಗಿ ನೋಡಿ, ಉಪ್ಪುಗಾಳಿ ಏನು ಮಾಡುತ್ತದೆ ಎಂದು ಗೊತ್ತಾಗುತ್ತದೆ. ವೆಲ್ಡಿಂಗ್ ಆದ ಜಾಗದಲ್ಲೇ ಮೊದಲು ಹಿಡಿಯುವುದು, ಬಣ್ಣದ ಕೆಳಗೆ ತಿನ್ನುತ್ತಾ ಹೋಗಿ ಒಂದು ದಿನ ಟಕ್ ಅನ್ನುತ್ತದೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಉಜ್ಜಿ ಬಣ್ಣ ಹೊಡೆಸಿ, ಬೇರಿಂಗಿಗೆ ಗ್ರೀಸ್ ಹಾಕಿಸಿ. ಎರಡು ಚಕ್ರ ಹೆಚ್ಚಿಗೆ ಎಳೆಯಬೇಕಾದ್ದರಿಂದ ಮೈಲೇಜು ಕಡಿಮೆ ಆಗುತ್ತದೆ, ಪಂಕ್ಚರ್ ಆಗುವ ಟೈರೂ ನಾಲ್ಕಾಯಿತು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಚೌಕಟ್ಟಿನ ಬೆಸುಗೆ ನೋಡಿದ ಮೇಲೆ ಆರ್‌ಸಿಯನ್ನೂ ನೋಡಿ, ಬದಲಾವಣೆ ಅದರಲ್ಲಿ ಬರೆದಿರಬೇಕು.

ಹೆದರಿಕೆ ಮಾತ್ರ ಇದ್ದವರಿಗೆ

ನಮ್ಮ ಹುಡುಗಿಗೆ ನಾನು ಹೇಳಿದ್ದು ಹೀಗೆ. ಒಂದು ಹಳೇ ಸೈಕಲ್ ತಗೋ, ಸೀಟು ಪೂರ್ತಿ ಇಳಿಸು, ಎರಡೂ ಪೆಡಲ್ ಬಿಚ್ಚಿಸು. ತುಸುವೇ ಇಳಿಜಾರು ಇರುವ ಮೈದಾನದಲ್ಲಿ ಕಾಲಿನಿಂದ ತಳ್ಳಿಕೊಂಡು ಹೋಗು, ಸ್ವಲ್ಪ ವೇಗ ಬಂದಾಗ ಎರಡೂ ಕಾಲು ಎತ್ತು. ಕಣ್ಣು ಚಕ್ರದ ಮೇಲೆ ಬೇಡ, ದೂರದ ಮರದ ಮೇಲೆ ಇರಲಿ. ಕಾಲು ನೆಲಕ್ಕೆ ಪೂರ್ತಿ ಸಿಗುವುದರಿಂದ ಬೀಳುವ ಪ್ರಶ್ನೆಯೇ ಇಲ್ಲ, ಬೀಳುವ ಹೆದರಿಕೆ ಹೋದ ಮೇಲೆ ಬ್ಯಾಲೆನ್ಸ್ ತಾನಾಗಿ ಬರುತ್ತದೆ. ಪೆಡಲ್ ಆಮೇಲೆ ಹಾಕಿದರಾಯಿತು. ಅದು ಬಂದ ಮೇಲೆ ಹಗುರ ಸ್ಕೂಟರ್. ಶೋರೂಮಿನಲ್ಲಿ ಬಣ್ಣ ನೋಡುವ ಮೊದಲು ಮೇಲೆ ಕೂತು ಎರಡೂ ಹಿಮ್ಮಡಿ ನೆಲಕ್ಕೆ ಮುಟ್ಟುತ್ತವಾ ನೋಡು, ಕುಳ್ಳಗಿರುವವರಿಗೆ ಈ ಒಂದು ವಿಷಯವೇ ಅರ್ಧ ಹೆದರಿಕೆ ಕಳೆಯುತ್ತದೆ. ಕಲಿಕಾ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಮೂವತ್ತು ದಿನ ಆಗಿರಬೇಕು, ಅವಸರ ಇಲ್ಲ.

ಅವಳು ಮೊದಲು ಸಿಟ್ಟು ಮಾಡಿದಳು. "ಈ ವಯಸ್ಸಲ್ಲಿ ಪೆಡಲ್ ಇಲ್ಲದ ಸೈಕಲ್ ತಳ್ತಾ ಹೋದ್ರೆ ಜನ ನಗೋದಿಲ್ವಾ ಮಾವ?" ಬೆಳಿಗ್ಗೆ ಆರಕ್ಕೆ ಹೋಗು, ನಗುವವರು ಇನ್ನೂ ಎದ್ದಿರುವುದಿಲ್ಲ ಎಂದೆ. ಮೂರನೇ ಭಾನುವಾರ ಪೆಡಲ್ ಹಾಕಿಸಿದ ಫೋಟೋ ಬಂತು, ಮೊಣಕೈ ತರಚಿದ್ದೂ ಅದರಲ್ಲೇ ಕಾಣುತ್ತಿತ್ತು.

ಅದೇ ದಿನ ಸಂಜೆ ಕುಮಟಾದಿಂದ ಅತ್ತೆಯ ಫೋನು. ಎಡಗಡೆ ಚಕ್ರ ಕಿರ್ರೋ ಅಂತ ಕೂಗ್ತಾ ಇದೆಯಂತೆ, ಮಳೆ ಹಿಡಿಯುವ ಮೊದಲು ಬಂದು ಬೇರಿಂಗ್ ಹಾಕಿಸಿಕೊಡಬೇಕಂತೆ, ಬರುವಾಗ ಗ್ರೀಸಿನ ಡಬ್ಬಿ ಮರೆಯಬಾರದಂತೆ.